ಬೆಂಟನ್‌ವಿಲ್ ವಾಲ್‌ಮಾರ್ಟ್‌ಗಿಂತ ಹಳೆಯ ಊರು

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಅಮೆರಿಕದ ಅರ್ಕಾನ್ಸಾ ರಾಜ್ಯದ ಬೆಂಟನ್‌ವಿಲ್ ಬಗ್ಗೆ ಬಂದ ಪ್ರವಾಸ ಲೇಖನ ಓದಿದೆ. ದೊಡ್ಡ ಅಂಗಡಿ ಸರಣಿಯಾದ ವಾಲ್‌ಮಾರ್ಟ್ ಕಂಪನಿಯ ಮುಖ್ಯ ಕಚೇರಿ ಅಲ್ಲಿದೆ, ನಿಜ. ಆದರೆ ‘ವಾಲ್‌ಮಾರ್ಟ್ ಹುಟ್ಟಿಸಿದ ಊರು’ ಎಂಬ ಅದರ ತಲೆಬರಹ ಸರಿಯಲ್ಲ. ಮಗಳ ಬಾಣಂತನಕ್ಕೆಂದು ಮನೆಯವರ ಜೊತೆ ಹೋಗಿ ಐದು ತಿಂಗಳು ಆ ಊರಲ್ಲಿದ್ದು ಬಂದವನು ನಾನು. ಮೂವತ್ತನಾಲ್ಕು ವರ್ಷ ಸರ್ವೆ ಇಲಾಖೆಯಲ್ಲಿ ಜಮೀನು ಅಳೆಯುವ ಸರಪಳಿ ಹಿಡಿದವನು. ಯಾವ ಊರಿಗೆ ಹೋದರೂ ಇದು ಇಲ್ಲೇ ಯಾಕೆ ಬೆಳೆಯಿತು, ಅದಕ್ಕೂ ಮುಂಚೆ ಈ ನೆಲ ಯಾರದಾಗಿತ್ತು ಎಂದು ಕೇಳುವುದು ಅಭ್ಯಾಸವಾಗಿಬಿಟ್ಟಿದೆ.

ಬೆಂಟನ್‌ವಿಲ್ ಹುಟ್ಟಿದ್ದು ಕೌಂಟಿ ಕೇಂದ್ರವಾಗಿ. ನಮ್ಮ ತಾಲ್ಲೂಕು ಕಚೇರಿ ಇರುವ ಊರಿನ ಹಾಗೆ, ಕೋರ್ಟು, ಜಮೀನಿನ ದಾಖಲೆ, ತೆರಿಗೆ ಎಲ್ಲವೂ ಅಲ್ಲಿ. ಅರ್ಕಾನ್ಸಾ ರಾಜ್ಯವಾದದ್ದು 1836ರ ಜೂನ್‌ನಲ್ಲಿ. ಅದೇ ಸೆಪ್ಟೆಂಬರ್‌ನಲ್ಲಿ ಬೆಂಟನ್ ಕೌಂಟಿ ಆಯಿತು. ಮರುವರ್ಷ ಕೇಂದ್ರಕ್ಕೆ ಈ ಜಾಗ ಗೊತ್ತುಮಾಡಿದರು. ಹೆಸರು ಬಂದದ್ದು ಪಕ್ಕದ ಮಿಸೌರಿಯ ಸೆನೆಟರ್ ಥಾಮಸ್ ಹಾರ್ಟ್ ಬೆಂಟನ್‌ರಿಂದ. ನಡುವೆ ಒಂದು ಚೌಕ, ಮರದ ದಿಮ್ಮಿಗಳ ಕೋರ್ಟು, ಸುತ್ತ ನಿವೇಶನಗಳು. ಆ ಚೌಕ ಇವತ್ತೂ ಇದೆ. ಅದರ ಪಕ್ಕದಲ್ಲಿರುವ ಈಗಿನ ಕೋರ್ಟು ಕಟ್ಟಡ 1928ರದು.

ಊರ ಪಶ್ಚಿಮದ ಬಯಲಿಗೆ ಮಗಳು ಕಾರಿನಲ್ಲಿ ಕರೆದುಕೊಂಡು ಹೋದಾಗ ರಸ್ತೆಗಳು ದಾರ ಹಿಡಿದು ಎಳೆದಂತೆ ನೇರವಾಗಿದ್ದವು. ಮೀಟರ್ ನೋಡುತ್ತಾ ಕೂತೆ. ಮೈಲಿಗೊಂದರಂತೆ ಅಡ್ಡರಸ್ತೆ! ಅದು ಸರ್ವೆಯವರ ಗೆರೆ ಎಂದು ಕೂಡಲೇ ತಿಳಿಯಿತು. ಅವರು ನೆಲವನ್ನು ಒಂದು ಚದರ ಮೈಲಿಯ, ಅಂದರೆ 640 ಎಕರೆಯ ಚೌಕಗಳಾಗಿ ಅಳೆದು ಮಾರಿದರು. ಅವರ ಸರಪಳಿ 66 ಅಡಿ, ಎಂಬತ್ತು ಸರಪಳಿಗೆ ಒಂದು ಮೈಲಿ. ನಮ್ಮ ಸರಪಳಿ 33 ಅಡಿ, ಅದರಲ್ಲಿ ಆಣೆ ಎಂಬ ಹದಿನಾರು ಭಾಗ. ಅವರದರ ಸರಿಯಾಗಿ ಅರ್ಧ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲವಾದರೆ ನಮ್ಮ ಒಂದು ಗುಂಟೆ. ಎರಡೂ ಇಂಗ್ಲೆಂಡಿನ ಒಂದೇ ಲೆಕ್ಕದಿಂದ ಬಂದವು. ಅಷ್ಟು ದೂರದ ನೆಲದಲ್ಲಿ ನನ್ನ ಕಸುಬಿನ ಗುರುತು ಸಿಕ್ಕಿತು ಎಂದು ಆ ದಿನ ತುಂಬ ಸಂತೋಷಪಟ್ಟೆ.

ಆ ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. ಗೆರೆ ಎಳೆಯುವ ಮುಂಚೆ ಆ ಸೀಮೆ ಓಸೇಜ್ ಎಂಬ ಮೂಲನಿವಾಸಿ ಜನರ ಬೇಟೆಯ ನೆಲ. ಓಸೇಜ್ ಹೆಸರಿನ ತೊರೆ ಈಗಲೂ ಹರಿಯುತ್ತದೆ, ಊರಿನ ಮೊದಲ ಅಂಚೆ ಕಚೇರಿಗೂ ಅದೇ ಹೆಸರಿತ್ತು. ಅರ್ಕಾನ್ಸಾದಲ್ಲಿ ನೆಲೆಸಿದ್ದ ಚೆರೋಕಿ ಎಂಬ ಇನ್ನೊಂದು ಮೂಲನಿವಾಸಿ ಜನರನ್ನು 1828ರ ಒಪ್ಪಂದದಿಂದ ಇನ್ನೂ ಪಶ್ಚಿಮಕ್ಕೆ ಸರಿಸಿದ ಮೇಲೆಯೇ ಬಿಳಿಯರು ಇಲ್ಲಿ ಬಂದು ಬೇರೂರಿದ್ದು. ಊರಿಗೆ ಒಂದೆರಡು ವರ್ಷವಾಗಿತ್ತು ಅಷ್ಟೇ, 1838–39ರ ಚಳಿಗಾಲದಲ್ಲಿ ಪೂರ್ವದ ಚೆರೋಕಿಗಳನ್ನು ಸೈನ್ಯದ ಬಲದಿಂದ ಮನೆ ಬಿಡಿಸಿ ಇದೇ ಕೌಂಟಿಯ ಮೂಲಕ ನಡೆಸಿದರು. ಹೊರಟವರು ಸುಮಾರು 16,000, ಸತ್ತವರು 4,000 ಎಂಬ ಅಂದಾಜಿದೆ. ‘ಕಣ್ಣೀರಿನ ಹಾದಿ’ ಎನ್ನುತ್ತಾರೆ. ಆ ಹಾದಿಯ ಎರಡೂವರೆ ಮೈಲಿ ಉದ್ದದ ತುಂಡು ಹತ್ತಿರದ ಪೀ ರಿಡ್ಜ್ ಉದ್ಯಾನದೊಳಗೆ ಉಳಿದಿದೆ. ಒಣ ಎಲೆ ತುಂಬಿದ ಆ ಮಣ್ಣುದಾರಿಯಲ್ಲಿ ನಾನೂ ಅಳಿಯಂದಿರೂ ಮಾತಿಲ್ಲದೆ ನಡೆದೆವು. ಜಲಾಶಯವೊಂದರ ಮುಳುಗಡೆ ಜಮೀನು ಅಳೆಯುವಾಗ ಮುದುಕಿಯೊಬ್ಬರು, ‘ಅಪ್ಪಾ, ಸರಪಳೀನ ತುಳಸಿಕಟ್ಟೆ ಬಳಸಿ ಎಳಿ’ ಎಂದಿದ್ದರು. ಸುತ್ತು ಬಳಸಿಯೇ ಎಳೆದೆ. ಆದರೂ ಕಟ್ಟೆ ಉಳಿಯಲಿಲ್ಲ. ಆ ತಾಯಿಯ ಮುಖ ಅಲ್ಲಿ ನೆನಪಾಯಿತು.

ಅದೇ ಪೀ ರಿಡ್ಜ್‌ನಲ್ಲಿ 1862ರ ಮಾರ್ಚ್ 7 ಮತ್ತು 8ರಂದು ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧದ ದೊಡ್ಡ ಕಾಳಗ ನಡೆಯಿತು. ಯುದ್ಧ ಮುಗಿಯುವ ಹೊತ್ತಿಗೆ ಬೆಂಟನ್‌ವಿಲ್‌ನ ಕೋರ್ಟು ಸುಟ್ಟುಹೋಗಿತ್ತು. ಊರು ಮತ್ತೆ ಎದ್ದು, 1873ರಲ್ಲಿ ಪುರಸಭೆಯಾಯಿತು. 1881ರಲ್ಲಿ ರೈಲು ಬಂತು, ಆದರೆ ಪೂರ್ವಕ್ಕೆ ಸರಿದು ರಾಜರ್ಸ್ ಎಂಬ ಹೊಸ ಊರನ್ನು ಹುಟ್ಟಿಸಿತು. ಬೆಂಟನ್‌ವಿಲ್‌ನವರು ಆಮೇಲೆ ಕವಲು ಹಳಿ ಹಾಕಿಸಿಕೊಳ್ಳಬೇಕಾಯಿತು.

ಮುಂದಿನ ನಲವತ್ತು ವರ್ಷ ಊರನ್ನು ಸಾಕಿದ್ದು ಸೇಬು. ಕೌಂಟಿಯ ತುಂಬ ತೋಟ. ಒಣಗಿಸುವ ಮನೆಗಳು, ವಿನೆಗರ್, ಬ್ರಾಂದಿ. 1901ರಲ್ಲಿ ಸೇಬಿನ ಹೂವೇ ರಾಜ್ಯದ ಹೂವಾಯಿತು. ಹುಳು, ಬರ, ಬೆಲೆ ಕುಸಿತ ಸೇರಿ ತೋಟಗಳು ಹೋದವು. ಈ ಕೌಂಟಿಯಲ್ಲೇ ಹುಟ್ಟಿದ ‘ಅರ್ಕಾನ್ಸಾ ಬ್ಲ್ಯಾಕ್’ ತಳಿ ಮಾತ್ರ ಅಕ್ಟೋಬರ್ ಕೊನೆಗೆ ನಮಗೆ ಸಿಕ್ಕಿತು. ನೇರಳೆಗಪ್ಪು ಬಣ್ಣ, ಕಿತ್ತ ಹೊಸತರಲ್ಲಿ ಕಲ್ಲಿನಂತೆ ಗಟ್ಟಿ. ನಮ್ಮ ಮನೆಯವರು ಅದರಲ್ಲಿ ಗೊಜ್ಜು ಮಾಡಿದರು. ಉಳಿದವನ್ನು ಗ್ಯಾರೇಜಿನಲ್ಲಿ ಇಟ್ಟೆವು. ಸಂಕ್ರಾಂತಿಯ ಹೊತ್ತಿಗೆ ಸಿಹಿಯಾಗಿದ್ದವು.

ವಾಲ್‌ಮಾರ್ಟ್ ಕಟ್ಟಿದ ಸ್ಯಾಮ್ ವಾಲ್ಟನ್ ಬಂದು ಚೌಕದಲ್ಲಿ ಅಂಗಡಿ ಕೊಂಡದ್ದು 1950ರಲ್ಲಿ. ಊರಿಗೆ ಆಗಲೇ 113 ವರ್ಷ, ಜನ 2,942. 2020ರಲ್ಲಿ 54,164. ಈ ಬೆಳವಣಿಗೆ ಕಂಪನಿಯಿಂದ ಎಂಬುದನ್ನು ನಾನೂ ಒಪ್ಪುತ್ತೇನೆ. ನನ್ನ ಮಗಳ ಸಂಸಾರಕ್ಕೂ ಅಲ್ಲಿಂದಲೇ ಅನ್ನ. ಆದರೆ ಹೆತ್ತವರು ಬೇರೆ, ಸಾಕಿದವರು ಬೇರೆ. ಲೇಖನದಲ್ಲಿ ಮೊದಲ ವಾಲ್‌ಮಾರ್ಟ್ ಬೆಂಟನ್‌ವಿಲ್‌ನಲ್ಲಿ ತೆರೆಯಿತು ಎಂದಿರುವುದೂ ತಪ್ಪು. ಅದು 1962ರ ಜುಲೈ 2ರಂದು ತೆರೆದದ್ದು ರಾಜರ್ಸ್‌ನಲ್ಲಿ.

ಚೌಕದ ನಡುವೆ 1908ರಲ್ಲಿ, ಅಂತರ್ಯುದ್ಧದಲ್ಲಿ ಗುಲಾಮಗಿರಿ ಉಳಿಸಲು ಹೋರಾಡಿದ ದಕ್ಷಿಣದ ರಾಜ್ಯಗಳ ಸೈನಿಕನ ಪ್ರತಿಮೆ ನಿಲ್ಲಿಸಿದ್ದರು. 2020ರಲ್ಲಿ ಅದನ್ನು ಅಲ್ಲಿಂದ ತೆಗೆದರು. ಅಲ್ಲಿಯವರು ತಮ್ಮ ಊರಿನ ಕಥೆಯನ್ನು ಮತ್ತೆ ತಿದ್ದಿ ಬರೆದುಕೊಳ್ಳುತ್ತಿದ್ದಾರೆ. ಮಗ ಮಗಳ ಮನೆಗೆಂದು ಆ ಊರಿಗೆ ಹೊರಡುವ ನಮ್ಮ ಓದುಗರು ಮಾಲ್‌ಗಳಿಗೆ ಹೋಗುವ ಮುಂಚೆ ಒಂದು ಬೆಳಗ್ಗೆ ಪೀ ರಿಡ್ಜ್‌ನ ಆ ಮಣ್ಣುದಾರಿಗೆ ಹೋಗಿಬರಲಿ ಎಂದು ಕೇಳಿಕೊಳ್ಳುತ್ತೇನೆ. ಮುಂದಿನ ಪುರವಣಿಯಲ್ಲಿ ತಿದ್ದುಪಡಿಯನ್ನೂ ದಯವಿಟ್ಟು ಪ್ರಕಟಿಸಿ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಭೂಮಾಪಕ, ತಿಪಟೂರು