ಆಸಿಡ್ ಕ್ಲೀನರ್ ಬಿಟ್ಟಿದ್ದೇವೆ, ಅದಕ್ಕೇ ತಡವಾಗುತ್ತಿದೆ

ಆತ್ಮೀಯರೇ,

ಈ ತಿಂಗಳಿಂದ ನಾವು ಗಾಡಿಯ ವೀಲ್ ತೊಳೆಯುವಾಗ ಯಾವ ವೀಲ್‌ಗೂ ಆಸಿಡ್ ಹಾಕುವುದಿಲ್ಲ. ಇದರಿಂದ ಕೆಲಸದ ಹೊತ್ತೂ ಜಾಸ್ತಿಯಾಗಿದೆ, ದರವೂ ಏರಿದೆ. ಗಾಡಿ ಬಂದ ತಕ್ಷಣ ಕೈ ಹಾಕುವುದೂ ಇಲ್ಲ, ವೀಲ್ ಮೊದಲು ತಣ್ಣಗಾಗಬೇಕು. ಇದನ್ನೆಲ್ಲ ಮುಂಚೆಯೇ ತಿಳಿಸದಿದ್ದದ್ದು ನಮ್ಮ ತಪ್ಪು. ಕಾದು ಬೇಸತ್ತು ಹೊರಟುಹೋದವರಲ್ಲಿ ಕ್ಷಮೆ ಕೇಳುತ್ತೇವೆ.

"ಮೊದಲು ಹತ್ತು ನಿಮಿಷಕ್ಕೆ ಫಳಫಳ ಅಂತಿತ್ತು, ಈಗ ಅದೇ ಕೆಲಸಕ್ಕೆ ಒಂದೂವರೆ ಗಂಟೆ ಯಾಕೆ?" ಈ ಮಾತು ಕೇಳದ ದಿನವಿಲ್ಲ. ಅದೇ ಕೆಲಸ ಅಲ್ಲ ಇದು, ಸ್ವಲ್ಪ ಬಿಡಿಸಿ ಹೇಳುತ್ತೇವೆ.

ವೀಲ್ ಮೇಲಿನ ಕಪ್ಪು ಪುಡಿ ಬರೀ ಧೂಳಲ್ಲ. ಬ್ರೇಕ್ ಪ್ಯಾಡ್, ಡಿಸ್ಕ್ ಎರಡೂ ಸವೆದು ಕಬ್ಬಿಣದ ಬಿಸಿ ಕಣಗಳು ಸಿಡಿಯುತ್ತವೆ. ಅವು ವೀಲ್ ಮೇಲಿನ ಪಾರದರ್ಶಕ ಲೇಪನಕ್ಕೆ, ಅಂದರೆ ಲ್ಯಾಕರ್‌ಗೆ, ಕಚ್ಚಿಕೊಂಡು ಅಲ್ಲೇ ತುಕ್ಕು ಹಿಡಿಯುತ್ತವೆ. ಆಸಿಡ್ ಇದನ್ನು ಬೇಗ ಕರಗಿಸುತ್ತದೆ, ಒಪ್ಪುತ್ತೇವೆ. ಆದರೆ ಈ ವೀಲ್‌ಗಳ ಅಲ್ಯೂಮಿನಿಯಂಗೆ ಅದರ ಮೇಲಿನ ತೆಳು ಆಕ್ಸೈಡ್ ಪದರವೇ ಕಾವಲು. ಪಿಎಚ್ (ಆಮ್ಲ-ಕ್ಷಾರದ ಅಳತೆ) ಸುಮಾರು 4ಕ್ಕಿಂತ ಇಳಿದರೂ, 9ಕ್ಕಿಂತ ಏರಿದರೂ ಆ ಪದರ ಉಳಿಯುವುದಿಲ್ಲ. ಗಾಡಿಯ ಜೊತೆ ಬಂದ ವೀಲ್‌ಗೆ ಸಾಮಾನ್ಯವಾಗಿ ಲ್ಯಾಕರ್ ಇರುತ್ತದೆ, ಒಂದಷ್ಟು ತಡೆದುಕೊಳ್ಳುತ್ತದೆ. ನೀವು ಆಸೆಪಟ್ಟು ಆಮೇಲೆ ಹಾಕಿಸಿದ ಎಷ್ಟೋ ವೀಲ್‌ಗಳಲ್ಲಿ ಪಾಲಿಶ್ ಮಾಡಿದ ಅಂಚು ಬರಿಮೈಯಲ್ಲಿರುತ್ತದೆ. ಅದರ ಮೇಲೆ ಆಸಿಡ್ ಬಿದ್ದರೆ ಮಂಜು ಕವಿದ ಹಾಗೆ ಮಂಕಾಗುತ್ತದೆ. ಡೈಮಂಡ್ ಕಟ್ ವೀಲ್‌ನ, ಅಂದರೆ ಲೇತ್ ಯಂತ್ರದಲ್ಲಿ ಮುಖ ಕೆತ್ತಿ ಹೊಳಪು ಕೊಟ್ಟು ಲ್ಯಾಕರ್ ಹಚ್ಚಿದ ವೀಲ್‌ನ, ಕಥೆ ಬೇರೆ. ಸಣ್ಣ ಕಲ್ಲೇಟು ಬಿದ್ದಲ್ಲಿ ತೇವ ನುಗ್ಗಿ, ಲ್ಯಾಕರ್ ಅಡಿಯಲ್ಲೇ ಹುಳು ಹರಿದಂತೆ ಬಿಳಿ ಗೆರೆ ಹಬ್ಬುತ್ತದೆ. ಅದನ್ನು ತೆಗೆಯಬೇಕಾದರೆ ಲೇತ್‌ನಲ್ಲಿ ಲೋಹವನ್ನೇ ಕೆತ್ತಬೇಕು. ಎಷ್ಟು ಸಲ ಅಂತ ಕೆತ್ತುವುದು?

ನಮ್ಮ ಕೈಯಲ್ಲೇ ಒಂದು ಸೆಟ್‌ನ ಅಂಚು ಹೀಗೆ ಮಂಕಾಯಿತು. ನಮ್ಮ ಖರ್ಚಿನಲ್ಲೇ ಮತ್ತೆ ಪಾಲಿಶ್ ಮಾಡಿ ಕೊಟ್ಟೆವು. ಗಾಡಿಯವರು ಜಗಳವಾಡಲಿಲ್ಲ, ಸುಮ್ನೆ ವೀಲ್ ನೋಡುತ್ತಾ ನಿಂತಿದ್ದರು. ಆವತ್ತೇ ಆಸಿಡ್ ಕ್ಯಾನ್ ಎತ್ತಿಟ್ಟೆವು.

ಈಗ ಬಳಸುವುದು ನ್ಯೂಟ್ರಲ್ ಐರನ್ ರಿಮೂವರ್, ಅಂದರೆ ಆಮ್ಲವೂ ಅಲ್ಲದ, ಕ್ಷಾರವೂ ಅಲ್ಲದ, ಕಬ್ಬಿಣದ ಕಣ ತೆಗೆಯುವ ದ್ರಾವಣ. ಕಬ್ಬಿಣ ಸಿಕ್ಕಿದರೆ ಅದು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಪೇಂಟ್ ಇಳಿಯುತ್ತಿದೆ ಅಂತ ಗಾಬರಿಯಾಗಬೇಡಿ. ವಾಸನೆ ಕೆಟ್ಟದಾಗಿರುತ್ತದೆ, ಅದಕ್ಕೆ ನಮ್ಮ ಹತ್ತಿರ ಉಪಾಯವಿಲ್ಲ. ಒಣಗುವ ಮೊದಲೇ ತೊಳೆದು, ಕಲೆ ಉಳಿದರೆ ಮತ್ತೊಂದು ಸುತ್ತು. ಬ್ಯಾರೆಲ್ (ವೀಲ್‌ನ ಒಳಗಿನ ಸುತ್ತು), ನಟ್ ಕೂರುವ ಗುಳಿ, ಸ್ಪೋಕ್‌ನ ಹಿಂಬದಿ ಎಲ್ಲಕ್ಕೂ ಮೆತ್ತನೆಯ ಬ್ರಷ್. ಬಾಡಿ ತೊಳೆಯುವ ಬಕೆಟ್ ಇದಕ್ಕೆ ಮುಟ್ಟಿಸುವುದಿಲ್ಲ.

"ದುಡ್ಡು ಮಾಡಲು ದರ ಏರಿಸಿದರು" ಎಂದವರಿದ್ದಾರೆ. ಅದು ನಿಜಕ್ಕೂ ನೋಯಿಸಿತು. ಆಸಿಡ್ ಒಂದು ಕ್ಯಾನ್ ತಂದರೆ ನೀರು ಬೆರೆಸಿ ಎಷ್ಟೋ ಗಾಡಿಗೆ ಬರುತ್ತಿತ್ತು. ಐರನ್ ರಿಮೂವರ್ ಅನ್ನು ನಾವು ನೀರು ಬೆರೆಸದೆ ಹಾಕುತ್ತೇವೆ, ಎರಡು ಸುತ್ತಾದರೆ ಬಾಟಲಿ ಖಾಲಿಯಾಗುವುದು ಕಣ್ಣೆದುರೇ ಕಾಣುತ್ತದೆ. ಒಂದೂವರೆ ಗಂಟೆ ಬಗ್ಗಿ ಕೂರುವ ಹುಡುಗನ ಕೂಲಿ ಕಡಿತ ಮಾಡಲು ನಮಗೆ ಮನಸ್ಸಿಲ್ಲ.

ಕೊನೆಯಲ್ಲಿ ಹಾಕುತ್ತಿದ್ದ ವ್ಯಾಕ್ಸ್ ಕೂಡ ನಿಲ್ಲಿಸಿದ್ದೇವೆ. ಬ್ರೇಕ್ ಬಿಸಿಗೆ ಅದು ಬೇಗ ಹೋಗುತ್ತದೆ. ಬದಲಿಗೆ ಸೀಲೆಂಟ್ ಎಂಬ ರಕ್ಷಣೆಯ ಲೇಪ, ಕೇಳಿದವರಿಗೆ ಅದಕ್ಕಿಂತ ಗಟ್ಟಿಯಾದ ಸೆರಾಮಿಕ್ ಕೋಟಿಂಗ್. ಆಮೇಲೆ ಮನೆಯಲ್ಲಿ ಶಾಂಪೂ ನೀರಿನಲ್ಲಿ ಒರೆಸಿದರೂ ಸಾಕು, ಹಾಗಾಗಿ ನಮ್ಮಲ್ಲಿಗೆ ಬರುವುದು ಕಡಿಮೆಯಾಗಬಹುದು. ಪರವಾಗಿಲ್ಲ. ಮ್ಯಾಟ್ ವೀಲ್ ಇದ್ದವರು ಮಾತ್ರ ಪಾಲಿಶ್ ಹಚ್ಚಬೇಡಿ, ಅಲ್ಲಲ್ಲಿ ಹೊಳಪು ಬಂದು ಕಲೆಯಂತೆ ಉಳಿಯುತ್ತದೆ.

ನಾವು ಹಿಂದೆ ಆಸಿಡ್ ಹಾಕಿದ ವೀಲ್‌ನಲ್ಲಿ ಮಂಕು ಕಂಡರೆ ತನ್ನಿ. ಬಿಲ್ ಬೇಡ, ನಿಮ್ಮ ಗಾಡಿ ನಮಗೆ ಗೊತ್ತು. ಅಂಚು ನಾವೇ ಪಾಲಿಶ್ ಮಾಡಿ ಕೊಡುತ್ತೇವೆ, ದುಡ್ಡಿಲ್ಲದೆ.

ಇಂತಿ,
ನಿಮ್ಮ ವೀಲ್ ತೊಳೆಯುವವರು