ಬೀಗುವುದು ಬೇರೆ, ಹಿಗ್ಗುವುದು ಬೇರೆ

ಮಾನ್ಯ ಸಂಪಾದಕರೆ,

ಪಂದ್ಯ ಯಾವುದೇ ಇರಲಿ, ಗೆದ್ದ ತಂಡ ಮರುದಿನದ ಕ್ರೀಡಾಪುಟದಲ್ಲಿ 'ಗೆದ್ದು ಬೀಗಿತು'. ಮತ ಎಣಿಕೆ ಮುಗಿದ ದಿನ ಅಭ್ಯರ್ಥಿಗಳು ಬೀಗುತ್ತಾರೆ, ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಮಕ್ಕಳೂ ಬೀಗುತ್ತಾರೆ. ಬೀಗುವುದೆಂದರೆ ಗರ್ವದಿಂದ ಎದೆ ಸೆಟೆಸುವುದು. ಸೋತವರ ಮುಂದೆ ಮೆರೆಯುವ ಛಾಯೆ ಆ ಮಾತಿಗೆ ಅಂಟಿಕೊಂಡೇ ಇದೆ. ಹತ್ತನೇ ತರಗತಿ ಪಾಸಾದ ಹುಡುಗಿ ಅಮ್ಮನನ್ನು ತಬ್ಬಿಕೊಂಡ ಚಿತ್ರದ ಕೆಳಗೆ ಅದು ಸಲ್ಲದು. ಅಲ್ಲಿ ಬರಬೇಕಾದ ಮಾತು ಹಿಗ್ಗು. ಮನೆಮಾತಿನಲ್ಲಿ ಇನ್ನೂ ಜೀವಂತವಾಗಿರುವ ಈ ಪದ ಪತ್ರಿಕೆಗಳ ಪುಟದಿಂದ ಮಾತ್ರ ಸರಿದುಹೋಗುತ್ತಿರುವುದನ್ನು ಕಂಡು, ತರಗತಿಯಲ್ಲಿ ಕನ್ನಡ ಕಲಿಸುವ ನಾವು ಕೆಲವರು ಸೇರಿ ಇದನ್ನು ಬರೆಯುತ್ತಿದ್ದೇವೆ.

ಹಿಗ್ಗು ಎಂಬುದಕ್ಕೆ ಎರಡು ಅರ್ಥ. ಒಂದು, ವಸ್ತು ಎಳೆದುಕೊಂಡೋ ಬಿಸಿಯಾಗಿಯೋ ದೊಡ್ಡದಾಗುವುದು. ಇನ್ನೊಂದು, ಮನಸ್ಸು ಸಂತೋಷದಿಂದ ಅರಳುವುದು. ಬಿಸಿಯಾದರೆ ಕಬ್ಬಿಣ ಹಿಗ್ಗುತ್ತದೆ, ತಣ್ಣಗಾದರೆ ಕುಗ್ಗುತ್ತದೆ ಎಂದು ವಿಜ್ಞಾನದ ಪಾಠದಲ್ಲಿ ಎಲ್ಲರೂ ಓದಿರುತ್ತೇವೆ. ಸಿರ್ಸಿ ವೃತ್ತದ ಮೇಲ್ಸೇತುವೆಯ ಮೇಲೆ ಬಸ್ಸು ಹೋಗುವಾಗ ಆಗಾಗ ಟಕ್ ಎಂದು ಸದ್ದಾಗುತ್ತದಲ್ಲ, ಅದು ಹಿಗ್ಗಿಗೆಂದೇ ಬಿಟ್ಟ ಸಂದು. 30 ಮೀಟರ್ ಉದ್ದದ ಕಾಂಕ್ರೀಟ್ ಹಾಸು 10 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾವೇರಿದರೆ ಸುಮಾರು 3 ಮಿಲಿಮೀಟರ್ ಹಿಗ್ಗುತ್ತದೆ. ಅಷ್ಟಕ್ಕೂ ಜಾಗ ಬಿಡದಿದ್ದರೆ ಹಾಸು ಬಿರುಕು ಬಿಡುತ್ತದೆ. ಮನಸ್ಸಿನ ಹಿಗ್ಗಿನಲ್ಲಿರುವುದೂ ಇದೇ ಚಿತ್ರ: ಇದ್ದದ್ದೇ ಇದ್ದ ಜಾಗ ಸಾಲದಷ್ಟು ದೊಡ್ಡದಾಗುವುದು. ಸಂಸ್ಕೃತದಿಂದ ಬಂದ 'ಆನಂದತುಂದಿಲ'ದಲ್ಲೂ ಇಂಥದೇ ಕಲ್ಪನೆ ಇದೆ. ತುಂದ ಎಂದರೆ ಹೊಟ್ಟೆ. ಆನಂದದಿಂದ ಹೊಟ್ಟೆ ತುಂಬಿ ಮುಂದೆ ಬಂದವನು ಆನಂದತುಂದಿಲ.

ಹಿಗ್ಗು, ಉಬ್ಬು, ಊದು, ಬೀಗು ಇವುಗಳಲ್ಲಿ ಯಾವುದನ್ನು ಎಲ್ಲಿ ಬಳಸಬೇಕು ಎಂಬ ಗೊಂದಲವಾದರೆ ಅಡುಗೆಮನೆಗೆ ಹೋದರೆ ಸಾಕು. ಪೂರಿ ಉಬ್ಬುತ್ತದೆ, ದೋಸೆಹಿಟ್ಟು ಉಬ್ಬುತ್ತದೆ. ಯಾರೂ ಪೂರಿ ಹಿಗ್ಗಿತು ಎನ್ನುವುದಿಲ್ಲ. ಪೆಟ್ಟಾದ ಕಾಲು ಊದುತ್ತದೆ. ಸ್ವೆಟರ್ ಹಿಗ್ಗುತ್ತದೆ, ರಬ್ಬರ್ ಬ್ಯಾಂಡ್ ಹಿಗ್ಗುತ್ತದೆ. ಬಲೂನು ಒಂದರಲ್ಲೇ ಎರಡನ್ನೂ ನೋಡಬಹುದು: ಗಾಳಿ ತುಂಬಿ ಬಲೂನು ಉಬ್ಬಿತು, ಅದರ ರಬ್ಬರು ಹಿಗ್ಗಿತು. ಉಬ್ಬುವುದಕ್ಕೆ ಒಳಗೆ ಗಾಳಿಯೋ ಹಬೆಯೋ ಬೇಕು. ಆದ್ದರಿಂದಲೇ ಹೊಗಳಿ ಉಬ್ಬಿಸಿದರು ಎನ್ನುತ್ತೇವೆ, ಅದು ಗಾಳಿ ಹಾಕುವ ಕೆಲಸ. ಹಿಗ್ಗುವಾಗ ದೊಡ್ಡದಾಗುವುದು ವಸ್ತುವೇ. ಹಾಗೆಂದು ಹಿಗ್ಗಿಗೆ ಅಹಂಕಾರದ ಸೋಂಕೇ ಇಲ್ಲವೆಂದಲ್ಲ. 'ಹೊಗಳಿಕೆಗೆ ಹಿಗ್ಗದೆ ತೆಗಳಿಕೆಗೆ ಕುಗ್ಗದೆ' ಎಂದಾಗ ಆ ಎಚ್ಚರಿಕೆ ಇದೆ. ಆದರೆ ಅದು ಕುಗ್ಗು ಎಂಬ ಜೊತೆ ಪದ ಎದುರಿಗಿದ್ದಾಗ ಮಾತ್ರ. ಒಂಟಿಯಾಗಿ ಬಂದರೆ ಹಿಗ್ಗು ನಿರ್ಮಲ.

ಇನ್ನು ವ್ಯಾಕರಣ. ಹಿಗ್ಗು ನಾಮಪದವೂ ಹೌದು, ಕ್ರಿಯಾಪದವೂ ಹೌದು. ಕ್ರಿಯಾಪದವಾಗಿ ಅದು ಅಕರ್ಮಕ, 'ಗೆಲುವನ್ನು ಹಿಗ್ಗಿದರು' ಎಂದು ಹೇಳಲಾಗದು. ಕಾರಣ ಹೇಳಬೇಕಾದರೆ ಚತುರ್ಥಿ ಬಳಸಿ: 'ಮಗಳ ಗೆಲುವಿಗೆ ಹಿಗ್ಗಿದರು'. ಇಲ್ಲವೇ ಮೊದಲಿನ ಕ್ರಿಯೆಯನ್ನು ಹೇಳಿ: 'ಸುದ್ದಿ ಕೇಳಿ ಹಿಗ್ಗಿದರು'. ತನ್ನ ಬಗ್ಗೆಯೇ ಹೇಳುವಾಗ 'ನಾನು ಹಿಗ್ಗಿದೆ' ಎನ್ನುವುದಕ್ಕಿಂತ 'ನನಗೆ ಹಿಗ್ಗಾಯಿತು' ಎಂಬುದೇ ಕಿವಿಗೆ ಹಿತ. ಅನುವಾದಕರು ಎಡವುವುದು ಹಿಗ್ಗಿಸು ಎಂಬಲ್ಲಿ. 'ಪ್ರಶಸ್ತಿ ಅವರನ್ನು ಹಿಗ್ಗಿಸಿತು' ಎಂದು ಬರೆದರೆ ಬಿಗಿಯಾದ ಚಪ್ಪಲಿಯನ್ನು ಹಿಗ್ಗಿಸಿದ ಹಾಗೆ ಕೇಳುತ್ತದೆ. 'ಪ್ರಶಸ್ತಿ ಬಂದದ್ದಕ್ಕೆ ಹಿಗ್ಗಿದರು' ಎಂದರೆ ನೇರ. ಕರ್ಮಪದ ಇರಲೇಬೇಕೆಂದರೆ ಮನಸ್ಸನ್ನು ತನ್ನಿ: 'ಮನ ಹಿಗ್ಗಿಸಿತು'. ಅಂದಹಾಗೆ, 'ಹಿಗ್ಗಾಮುಗ್ಗಾ ಥಳಿಸಿದರು' ಎಂಬಲ್ಲಿನ ಹಿಗ್ಗಾ ಕಿವಿಗೆ ಮಾತ್ರ ಹತ್ತಿರ, ಅರ್ಥದಲ್ಲಿ ಈ ಹಿಗ್ಗಿಗೂ ಅದಕ್ಕೂ ಸಂಬಂಧವಿಲ್ಲ.

ಇಲಾಖೆ, ಮಂಡಳಿ, ಒಕ್ಕೂಟಗಳು ಹಿಗ್ಗುವುದಿಲ್ಲ. ಅವುಗಳಿಗೆ 'ಹರ್ಷ ವ್ಯಕ್ತಪಡಿಸಿದೆ' ಎಂಬ ಒಕ್ಕಣೆಯೇ ಇರಲಿ, ನಮ್ಮ ತಕರಾರಿಲ್ಲ. ಮನುಷ್ಯರಿಗೂ ಅದನ್ನೇ ಹಚ್ಚುವುದು ಬೇಡ. ಹರ್ಷದ ಮೂಲಧಾತುವಿನಲ್ಲಿ ರೋಮ ನಿಮಿರುವ ಅರ್ಥವಿದೆ, ರೋಮಹರ್ಷ ಎಂಬ ಮಾತು ಹುಟ್ಟಿದ್ದೂ ಅದರಿಂದ. ಮೈ ಜುಮ್ಮೆನ್ನುವುದನ್ನು ಹೇಳುತ್ತಿದ್ದ ಅಂಥ ಪದವನ್ನು ಪತ್ರಿಕಾ ಹೇಳಿಕೆಗಳಲ್ಲಿ ಉಜ್ಜಿ ಉಜ್ಜಿ ನಾವೇ ಸವೆಸಿದ್ದೇವೆ. ಸಂಭ್ರಮದ ಗತಿಯೂ ಅದೇ. ಭ್ರಮಣದಲ್ಲಿರುವ ಧಾತುವೇ ಸಂಭ್ರಮದಲ್ಲೂ ಇದೆ; ಸುತ್ತಾಟ, ಗಡಿಬಿಡಿ, ತವಕ ಅದರ ಹಳೆಯ ಅರ್ಥಗಳು. ಹಾಗಾಗಿ ಅದು ಗುಂಪಿಗೆ, ಓಡಾಟಕ್ಕೆ ಚೆನ್ನಾಗಿ ಒಪ್ಪುತ್ತದೆ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ರಸ್ತೆಯ ತುಂಬ ಕಾಣುವುದು ಸಂಭ್ರಮ. ತಂದ ಕಾಯಿಯೆಲ್ಲ ಮಾರಿ, ಖಾಲಿ ಗೋಣಿಚೀಲ ಮಡಚುತ್ತಿರುವ ರೈತನ ಮುಖದಲ್ಲಿ ಕಾಣುವುದು ಹಿಗ್ಗು. ಎರಡಕ್ಕೂ ಸಂಭ್ರಮ ಎಂದೇ ಬರೆದರೆ ಆ ರೈತ ಜಾತ್ರೆಯಲ್ಲಿ ಕಳೆದುಹೋಗುತ್ತಾನೆ.

ಹಿಗ್ಗಿಗೆ ಒತ್ತು ಕೊಡಲು ಕನ್ನಡದಲ್ಲಿ ಸಿದ್ಧ ದಾರಿಗಳಿವೆ. 'ಹಿರಿಹಿರಿ ಹಿಗ್ಗಿದರು' ಎನ್ನುವಾಗ ಹಿರಿಹಿರಿ ಒಂದೇ ಪದವಾಗಿರಲಿ, ನಡುವೆ ಜಾಗ ಬಿಡಬೇಡಿ. 'ಹಿಗ್ಗೋ ಹಿಗ್ಗು' ಮಾತಿನ ಧಾಟಿಯದು, ಮಕ್ಕಳ ಪುಟಕ್ಕೆ ಬಹಳ ಒಪ್ಪುತ್ತದೆ. 'ಹಿಗ್ಗಿ ಹೀರೇಕಾಯಿಯಾದ' ಎಂಬುದರಲ್ಲಿ ಪ್ರಾಸವೂ ಇದೆ, ನೋಡನೋಡುತ್ತ ಉದ್ದವಾಗುವ ಬಳ್ಳಿಕಾಯಿಯ ಚಿತ್ರವೂ ಇದೆ. ಆದರೆ ಇದು ಸಲಿಗೆಯ ಮಾತು. ಪುಟ್ಟ ಮಗುವಿಗೆ, ಗೆಳೆಯನಿಗೆ ಹೇಳಬಹುದು. ಪ್ರಶಸ್ತಿ ಪಡೆದ ಹಿರಿಯ ಸಾಹಿತಿ ಹಿಗ್ಗಿ ಹೀರೇಕಾಯಿಯಾದರು ಎಂದು ಬರೆದರೆ ಅಗೌರವವಾಗುತ್ತದೆ. 'ಸ್ವರ್ಗಕ್ಕೆ ಮೂರೇ ಗೇಣು' ಎಂಬುದನ್ನೂ ಈಚೆಗೆ ತಪ್ಪಾಗಿ ಅಚ್ಚು ಮಾಡುತ್ತಿದ್ದಾರೆ. ಬೆರಳು ಹರಡಿದ ಕೈಯಲ್ಲಿ ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಯವರೆಗೆ ಒಂದು ಗೇಣು, ಸುಮಾರು 9 ಅಂಗುಲ. ಮೂರು ಗೇಣೆಂದರೆ 27 ಅಂಗುಲ, ಕೈ ಚಾಚಿದರೆ ಸಿಗುವಷ್ಟು ದೂರ. 'ಮೂರೇ' ಎಂಬಲ್ಲಿನ ಏಕಾರ ಬಿಟ್ಟು 'ಮೂರು ಗೇಣು' ಎಂದು ಬರೆದರೆ ಅದು ಬರೀ ಅಳತೆಯಾಗಿ ಉಳಿಯುತ್ತದೆ.

ಜಾಗ ಸಾಲದು ಎಂದು ಉಪಸಂಪಾದಕರು ಹೇಳುವಂತಿಲ್ಲ. 'ಹರ್ಷ ವ್ಯಕ್ತಪಡಿಸಿದ್ದಾರೆ' ಎಂಬುದಕ್ಕೆ ಒಂಬತ್ತು ಅಕ್ಷರ ಬೇಕು, 'ಹಿಗ್ಗಿದ್ದಾರೆ' ಎಂಬುದಕ್ಕೆ ನಾಲ್ಕೇ. ಮುಂದಿನ ಸಲ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಆ ತಬ್ಬಿಕೊಂಡ ಚಿತ್ರದ ಕೆಳಗೆ 'ಅಮ್ಮ ಮಗಳ ಹಿಗ್ಗು' ಎಂದು ಹಾಕಿ ನೋಡಿ. ಒಂದೇ ಕಾಲಂನಲ್ಲಿ ಹಿಡಿಸುತ್ತದೆ.

ಇಂತಿ,
ಕನ್ನಡ ಅಧ್ಯಾಪಕರು
ಬಸವನಗುಡಿ, ಬೆಂಗಳೂರು