ಯಾರಿಗೂ ನಷ್ಟವಾಗಿಲ್ಲ ಎಂದವರು ನಮ್ಮ ಮನೆಗೆ ಬಂದು ನೋಡಲಿ

ಮಾನ್ಯ ಸಂಪಾದಕರೇ,

ಕೇಬಲ್ ತುಂಡಾಗಿ ನಮ್ಮ ಬಡಾವಣೆಯ ಎರಡನೇ ಹಂತ ರಾತ್ರಿಯಿಡೀ ಕತ್ತಲಲ್ಲಿದ್ದ ಸುದ್ದಿಯನ್ನು ನಿನ್ನೆಯ ಪತ್ರಿಕೆಯಲ್ಲಿ ಓದಿದೆ. 14 ಗಂಟೆ ಕರೆಂಟ್ ಇರಲಿಲ್ಲ ಎಂದು ಸರಿಯಾಗಿಯೇ ಬರೆದಿದ್ದೀರಿ. ಆದರೆ ಇದರಿಂದ ಯಾರಿಗೂ ದೊಡ್ಡ ನಷ್ಟವಾಗಿಲ್ಲ ಎಂದು ಅಧಿಕಾರಿಯೊಬ್ಬರು ಹೇಳಿರುವ ಕೊನೆಯ ಸಾಲು ಓದಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ. ಆ ರಾತ್ರಿ ನಮ್ಮ ಮನೆಯಲ್ಲಿ ಆರು ಮೀನು ಸತ್ತವು. ಮೀನು ತಾನೇ ಎಂದು ನಗುವವರು ನಗಲಿ. ಹನ್ನೊಂದು ವರ್ಷದಿಂದ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡ ಟ್ಯಾಂಕ್ ಅದು.

ಸಂಕ್ರಾಂತಿ ಕಳೆದ ಮೇಲೆ ಮಗಳು ಆಸೆಪಟ್ಟಳೆಂದು ನಿಯಾನ್ ಟೆಟ್ರಾ ಎಂಬ ಆರು ಪುಟ್ಟ ಮೀನು ತಂದು, ಏಂಜಲ್, ಲೋಚ್, ಗೌರಾಮಿ ಮೀನುಗಳಿದ್ದ ನಮ್ಮ ಟ್ಯಾಂಕಿಗೆ ನೇರವಾಗಿ ಬಿಟ್ಟೆವು. ಹೊಸ ಮೀನನ್ನು ಎರಡು ಮೂರು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡಿ ಆಮೇಲೆ ಬಿಡಬೇಕು. ಆ ತಪ್ಪು ನನ್ನದೇ, ಅದನ್ನು ಯಾರ ತಲೆಗೂ ಕಟ್ಟುವುದಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ದೀಪ ಹಾಕಿ ನೋಡಿದರೆ ದೊಡ್ಡ ಏಂಜಲ್‌ನ ರೆಕ್ಕೆಯ ಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ. ಲೋಚ್‌ಗಳು ಮೈ ತುರಿಸಿಕೊಳ್ಳಲು ಕಲ್ಲಿಗೆ ಉಜ್ಜಿಕೊಳ್ಳುತ್ತಿದ್ದವು. ಮೀನು ಸಾಕುವವರೆಲ್ಲ ವೈಟ್ ಸ್ಪಾಟ್ ಅಥವಾ ಇಕ್ ಎನ್ನುವ ರೋಗ ಇದು. ಇಕ್ತಿಯೋಫ್ತೀರಿಯಸ್ ಎಂಬ ಏಕಕೋಶ ಪರಾವಲಂಬಿಯಿಂದ ಬರುತ್ತದೆ. ಸಿಹಿನೀರಿನ ಅಕ್ವೇರಿಯಂ ಇಟ್ಟವರು ಇದನ್ನು ಒಂದಲ್ಲ ಒಂದು ದಿನ ಕಂಡೇ ಕಾಣುತ್ತಾರೆ. ಸರಿಯಾಗಿ ಮಾಡಿದರೆ ವಾಸಿಯೂ ಆಗುತ್ತದೆ.

ಆದರೆ ಸರಿಯಾಗಿ ಮಾಡಲು ದಿನಗಳು ಬೇಕು. ಚುಕ್ಕೆಯಾಗಿ ಕಾಣುವಾಗ ಆ ಜೀವಿ ಮೀನಿನ ಚರ್ಮದ ಒಳಗೆ ಕೂತಿರುತ್ತದೆ. ಅಲ್ಲಿಗೆ ಯಾವ ಔಷಧವೂ ತಲುಪುವುದಿಲ್ಲ. ಬಲಿತ ಮೇಲೆ ಕಳಚಿಕೊಂಡು ತಳಕ್ಕೆ ಬೀಳುತ್ತದೆ, ಕಲ್ಲಿಗೋ ಗಿಡಕ್ಕೋ ಅಂಟಿ ಕೋಶ ಕಟ್ಟುತ್ತದೆ, ಒಳಗೇ ಒಡೆದು ಒಡೆದು ನೂರಾರು ಮರಿಗಳಾಗಿ ನೀರಿಗೆ ಬರುತ್ತದೆ. ಆ ಮರಿಗಳಿಗೆ ಒಂದೆರಡು ದಿನದಲ್ಲಿ ಮೀನು ಸಿಗದಿದ್ದರೆ ಸಾಯುತ್ತವೆ. ಔಷಧ ಹೊಡೆಯುವುದು ಆ ಒಂದು ಹಂತದಲ್ಲಿ ಮಾತ್ರ. ತಣ್ಣನೆ ನೀರಿನಲ್ಲಿ ಈ ಸುತ್ತು ವಾರಗಟ್ಟಲೆ ಎಳೆಯುತ್ತದೆ, 25 ಡಿಗ್ರಿಯ ಆಸುಪಾಸಿನಲ್ಲಿ ವಾರದೊಳಗೆ ಮುಗಿಯುತ್ತದೆ. ನೀರನ್ನು 30 ಡಿಗ್ರಿಗೆ ಏರಿಸಿ ಹಿಡಿದಿಟ್ಟರೆ ಚುಕ್ಕೆ ಬೇಗ ಕಳಚುತ್ತದೆ, ಅದರ ವೃದ್ಧಿಯೂ ಹೆಚ್ಚುಕಡಿಮೆ ನಿಲ್ಲುತ್ತದೆ. ಹಿಡಿದಿಡಬೇಕು, ಅದೇ ಮುಖ್ಯ. ಚುಕ್ಕೆ ಕಾಣದಂತಾದ ಮೇಲೂ ಕೆಲವು ದಿನ ಬಿಡಬಾರದು.

ಅದನ್ನೇ ಮಾಡುತ್ತಿದ್ದೆ. 120 ಲೀಟರ್ ಟ್ಯಾಂಕ್. ದಿನಕ್ಕೆ ಎರಡು ಡಿಗ್ರಿಗಿಂತ ಹೆಚ್ಚಿಲ್ಲದಂತೆ ಹೀಟರ್ ಏರಿಸಿದೆ. ಕಾರ್ಬನ್ ಔಷಧವನ್ನೆಲ್ಲ ಹೀರಿಬಿಡುತ್ತದೆಂದು ಫಿಲ್ಟರಿನಿಂದ ತೆಗೆದೆ. ದಿನವೂ ಬೆಳಿಗ್ಗೆ ಪೈಪ್ ಹಿಡಿದು ಕಲ್ಲಿನ ಸಂದಿಯ ಕೊಳೆ ಎಳೆದು 30 ಲೀಟರ್ ನೀರು ಬದಲಿಸಿದೆ. ಲೀಟರಿಗೆ ಎರಡು ಮೂರು ಗ್ರಾಂ ಉಪ್ಪು ಹಾಕಿಯೂ ಇದನ್ನು ವಾಸಿ ಮಾಡುವವರಿದ್ದಾರೆ, ಆದರೆ ಅಷ್ಟು ಉಪ್ಪು ನನ್ನ ಗಿಡಗಳಿಗೆ ಒಗ್ಗುವುದಿಲ್ಲ. ಅದಕ್ಕೆ ಮ್ಯಾಲಕೈಟ್ ಗ್ರೀನ್ ಇರುವ ಔಷಧ, ಅದೂ ಲೋಚ್ ಮತ್ತು ಟೆಟ್ರಾ ಸೂಕ್ಷ್ಮವಾದ್ದರಿಂದ ಅರ್ಧ ಪ್ರಮಾಣ. ಮೂರು ಟೆಟ್ರಾ ರೋಗಕ್ಕೇ ಹೋದವು. ಉಳಿದವು ಚೇತರಿಸಿಕೊಂಡವು. ಚಿಕಿತ್ಸೆಯ ಐದನೇ ದಿನ ಸಂಜೆ ಏಂಜಲ್ ಮೈಮೇಲೆ ಎರಡೇ ಚುಕ್ಕೆ ಉಳಿದಿದ್ದವು, ಎಣಿಸಿದ್ದೇನೆ.

ಆ ರಾತ್ರಿ ಒಂಬತ್ತಕ್ಕೆ ಕರೆಂಟ್ ಹೋಯಿತು.

ಹೋಗುತ್ತದೆಂದು ಒಂದು ಸಂದೇಶವಿಲ್ಲ. ಹೋದ ಮೇಲೆ ಯಾವಾಗ ಬರುತ್ತದೆಂದು ಹೇಳುವವರಿಲ್ಲ. ಸಹಾಯವಾಣಿಗೆ ಹನ್ನೊಂದು ಸಲ ಫೋನ್ ಮಾಡಿದೆ, ಎತ್ತಿದಾಗೆಲ್ಲ ಇನ್ನರ್ಧ ಗಂಟೆ ಎಂಬ ಒಂದೇ ಉತ್ತರ. ಯುಪಿಎಸ್ ಹನ್ನೆರಡೂವರೆಗೆ ಕೂಗಿ ನಿಂತಿತು. ಅತ್ತೆಗೆ ಫ್ಯಾನ್ ಇಲ್ಲದೆ ಉಸಿರು ಕಟ್ಟಿದಂತಾಗಿ ಯಜಮಾನರು ಬೆಳಗಿನವರೆಗೂ ಬೀಸಣಿಗೆ ಹಿಡಿದು ಕೂತರು. ಮಗಳಿಗೆ ಮರುದಿನ ಪರೀಕ್ಷೆ, ಮೇಣದಬತ್ತಿಯಲ್ಲಿ ಓದಿದಳು. ಮೋಟರ್ ಓಡದೆ ಮೇಲಿನ ಟ್ಯಾಂಕ್ ಖಾಲಿಯಾಗಿ ಬೆಳಿಗ್ಗೆ ಮುಖ ತೊಳೆಯಲೂ ನೀರಿರಲಿಲ್ಲ.

ಏರ್ ಪಂಪ್ ನಿಂತರೆ ಆರೋಗ್ಯವಾಗಿರುವ ಮೀನು ಕೆಲವು ಗಂಟೆ ತಾಳಿಕೊಂಡೀತು. ರೋಗದ ಮೀನು ತಾಳುವುದಿಲ್ಲ, ಏಕೆಂದರೆ ಆ ಪರಾವಲಂಬಿ ಕಿವಿರಿಗೂ ಹತ್ತಿರುತ್ತದೆ. ಬೆಚ್ಚಗಿನ ನೀರಿನಲ್ಲಿ ಆಮ್ಲಜನಕವೂ ಕಡಿಮೆ. ರಾತ್ರಿ ಒಂದು ಗಂಟೆಯ ಹೊತ್ತಿಗೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡತೊಡಗಿದವು. ಟ್ಯಾಂಕಿಗೆ ಕಂಬಳಿ ಸುತ್ತಿದೆ. ಗ್ಯಾಸ್ ಮೇಲೆ ನೀರು ಕಾಯಿಸಿ ಬಾಟಲಿಗೆ ತುಂಬಿ ತೇಲಿಬಿಟ್ಟೆ. ಸ್ಟೂಲ್ ಮೇಲೆ ನಿಂತು ಚೊಂಬಿನಲ್ಲಿ ನೀರೆತ್ತಿ ಒಂದಡಿ ಮೇಲಿನಿಂದ ಸುರಿಯುತ್ತಿದ್ದೆ, ಗಾಳಿ ಬೆರೆಯಲಿ ಎಂದು. ಐದು ನಿಮಿಷ ನಿಲ್ಲಿಸಿದರೆ ಮತ್ತೆ ಬಾಯಿ ಬಿಡುತ್ತಿದ್ದವು. ನಾಲ್ಕು ಗಂಟೆಯವರೆಗೆ ಸುರಿದೆ. ಬಲಗೈ ಇವತ್ತಿಗೂ ಭುಜದಿಂದ ಮೇಲೆ ಏಳುತ್ತಿಲ್ಲ.

ಬೆಳಗಾಗುವಾಗ ಥರ್ಮಾಮೀಟರ್ 24ಕ್ಕೆ ಇಳಿದಿತ್ತು. ಏಂಜಲ್ ಎರಡು, ಲೋಚ್ ಒಂದು, ಉಳಿದಿದ್ದ ಟೆಟ್ರಾ ಮೂರೂ ಹೋಗಿದ್ದವು. ದೊಡ್ಡ ಏಂಜಲ್‌ಗೆ ಆರು ವರ್ಷ. ಊಟದ ಹೊತ್ತಿಗೆ ನಾನು ಅಡುಗೆಮನೆಯಿಂದ ಬಂದರೆ ಗಾಜಿನ ಆ ಮೂಲೆಯಿಂದ ಈ ಮೂಲೆಗೆ ಬರುತ್ತಿತ್ತು. ಸತ್ತ ಮೇಲೆ ಅದರ ಮೈಮೇಲೆ ಒಂದೂ ಚುಕ್ಕೆ ಇರಲಿಲ್ಲ.

ಗಾಯದ ಮೇಲೆ ಬರೆ ಎಂಬಂತೆ, ಕೇಬಲ್ ಹುಡುಕಲು ಅಗೆದವರು ನೀರಿನ ಪೈಪನ್ನೂ ಒಡೆದರು. ಮಧ್ಯಾಹ್ನ ನಲ್ಲಿಯಲ್ಲಿ ಬಂದ ನೀರು ಕೆಂಪಗೆ, ಮೂಗು ಮುಚ್ಚುವಷ್ಟು ಬ್ಲೀಚಿಂಗ್ ವಾಸನೆ. ಕ್ಲೋರಿನ್ ತೆಗೆಯದೆ ಅದನ್ನು ಮೀನಿಗೆ ಹಾಕಿದರೆ ಕಿವಿರು ಸುಟ್ಟುಹೋಗುತ್ತದೆ. ಇನ್ನೂರು ರೂಪಾಯಿ ಕೊಟ್ಟು ಕ್ಯಾನ್ ನೀರು ತರಿಸಿದೆ. ನಮ್ಮ ರಸ್ತೆಯನ್ನು ಎರಡು ವರ್ಷದಲ್ಲಿ ನಾಲ್ಕು ಸಲ ಅಗೆದಿದ್ದಾರೆ. ಒಮ್ಮೆ ಕೇಬಲ್, ಒಮ್ಮೆ ಒಳಚರಂಡಿ, ಒಮ್ಮೆ ಡಾಂಬರು ಹಾಕಿದ ಹದಿನೈದನೇ ದಿನಕ್ಕೆ ಮತ್ತೆ ಕೇಬಲ್. ಹೋದ ಮಳೆಗಾಲದಲ್ಲಿ ಎತ್ತಿಟ್ಟ ಚಪ್ಪಡಿಯಲ್ಲಿ ಕಾಲು ಸಿಕ್ಕಿ ಅತ್ತೆಯ ಮಣಿಕಟ್ಟು ಮುರಿಯಿತು. ಅರ್ಜಿ ಕೊಟ್ಟು ಬಂದ ಸ್ವೀಕೃತಿ ಚೀಟಿ ನನ್ನ ಬಳಿ ಇದೆ. ಬೀದಿದೀಪದ ಬಗ್ಗೆ ಕೊಟ್ಟ ಅರ್ಜಿಯದ್ದೂ ಇದೆ. ಚೀಟಿಗಳು ಮಾತ್ರ ಇವೆ.

ರೋಗದ ಆರಂಭದಲ್ಲಿ ಪಶು ಆಸ್ಪತ್ರೆಯೊಂದಕ್ಕೂ ಹೋಗಿದ್ದೆ. ಮೀನಿಗೆಲ್ಲ ನಾವು ನೋಡುವುದಿಲ್ಲ ಎಂದು ಬಾಗಿಲಲ್ಲೇ ಕಳಿಸಿದರು. ಅಂಗಡಿಯಲ್ಲಿ ಸಿಗುವ ಔಷಧದ ಬಾಟಲಿ ಮೇಲೆ ಪ್ರಮಾಣವೂ ಇಲ್ಲ, ಅವಧಿ ಮುಗಿಯುವ ತಾರೀಖೂ ಇಲ್ಲ. ಅಕ್ವೇರಿಯಂ ಮೀನಿನ ವ್ಯಾಪಾರಕ್ಕೆ ಹೆಸರಾದ ಚೆನ್ನೈನ ಕೊಳತ್ತೂರಿನಂಥ ಕಡೆಯಿಂದ ಚೀಲದಲ್ಲಿ ರಾತ್ರಿಯಿಡೀ ಪ್ರಯಾಣ ಮಾಡಿ ಬಂದ ಮೀನನ್ನು ಒಂದು ದಿನವೂ ಪ್ರತ್ಯೇಕ ಇಡದೆ ಮಾರುತ್ತಾರೆ. 2017ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಅಕ್ವೇರಿಯಂ ಅಂಗಡಿಗಳಿಗೆಂದೇ ನಿಯಮ ತಂದಿತ್ತು, ವ್ಯಾಪಾರಿಗಳ ಗದ್ದಲ ಎದ್ದ ಮೇಲೆ ವಾಪಸ್ ಪಡೆಯಿತು. ಅದರಲ್ಲಿ ಅತಿಯಾದದ್ದು ಇದ್ದಿರಬಹುದು, ಆದರೆ ಎಲ್ಲವನ್ನೂ ಬಿಟ್ಟುಬಿಟ್ಟರೆ ಹೇಗೆ? ಕಬ್ಬನ್ ಪಾರ್ಕಿನ ಮತ್ಸ್ಯಾಲಯ 1983ರಲ್ಲಿ ತೆರೆದಾಗ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದ್ದರು. ಜನ ಸಾಲು ನಿಂತು ಮೀನು ನೋಡಿದ ಊರಿದು. ಇಲ್ಲಿ ಮೀನಿಗೆ ಹುಷಾರಿಲ್ಲ ಎಂದರೆ ಕೇಳುವವರಿಲ್ಲ.

ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮ 2020ರಲ್ಲೇ ಬಂದಿದೆ. ಮೊದಲೇ ಗೊತ್ತಿರುವ ಕಡಿತವನ್ನು ಮುಂಚೆ ತಿಳಿಸಬೇಕು, ಇದ್ದಕ್ಕಿದ್ದಂತೆ ಹೋದರೆ ಎಷ್ಟು ಹೊತ್ತಿಗೆ ಬರುತ್ತದೆಂದು ಕೂಡಲೇ ಎಸ್‌ಎಂಎಸ್ ಅಥವಾ ಅಂಥದ್ದೇ ಬೇರೆ ಸಂದೇಶ ಕಳಿಸಬೇಕು ಎಂದು ಅದರಲ್ಲಿದೆ. 14 ಗಂಟೆ ಎಂದು ಒಂಬತ್ತಕ್ಕೇ ಹೇಳಿದ್ದರೆ ಮೀನುಗಳನ್ನು ಬಕೆಟ್‌ಗೆ ಹಾಕಿಕೊಂಡು ಜನರೇಟರ್ ಇರುವ ತಂಗಿಯ ಮನೆಗೆ ಹೋಗುತ್ತಿದ್ದೆ. ಅರ್ಧ ಗಂಟೆ, ಅರ್ಧ ಗಂಟೆ ಎಂದು ಕೂರಿಸಿ ಕೊಂದರು.

ಸಂಬಂಧಪಟ್ಟವರು ಕೂಡಲೇ ಕ್ರಮ ಕೈಗೊಳ್ಳಬೇಕು. ಅಗೆಯುವ ಮೊದಲು ಕೆಳಗೆ ಏನಿದೆ ಎಂದು ನೋಡಬೇಕು, ಅಂಗಡಿಗಳನ್ನೂ ಯಾರಾದರೂ ಹೋಗಿ ನೋಡಬೇಕು. ಎರಡು ಏಂಜಲ್, ಒಂದು ಲೋಚ್, ಗೌರಾಮಿ ಜೋಡಿ ಉಳಿದಿವೆ. ಇವತ್ತು ಬೆಳಿಗ್ಗೆ ಗೌರಾಮಿಯ ಬಾಲದಲ್ಲಿ ಮತ್ತೆ ಚುಕ್ಕೆ ಕಂಡಿದೆ. ಚಿಕಿತ್ಸೆ ಮೊದಲ ದಿನದಿಂದ ಶುರು. ಇನ್ನು ಹತ್ತು ದಿನ ನಮ್ಮ ಬೀದಿಯ ಕರೆಂಟ್ ತೆಗೆಯಬೇಡಿ. ತೆಗೆಯಲೇಬೇಕಾದರೆ ಹೇಳಿ ತೆಗೆಯಿರಿ. ನಷ್ಟವಾಗಿಲ್ಲ ಎಂದ ಆ ಅಧಿಕಾರಿ ಒಂದು ರಾತ್ರಿ ನಮ್ಮ ಮನೆಗೆ ಬಂದು ಸ್ಟೂಲ್ ಮೇಲೆ ನಿಂತು ಚೊಂಬು ಹಿಡಿಯಲಿ, ಆಮೇಲೆ ಪತ್ರಿಕೆಗೆ ಹೇಳಿಕೆ ಕೊಡಲಿ. ಬಾಗಿಲ ಮುಂದಿನ ಗುಂಡಿ ಇನ್ನೂ ಮುಚ್ಚಿಲ್ಲ.

ಇಂತಿ,
ಎರಡನೇ ಹಂತದ ಗೃಹಿಣಿ, ಬೆಂಗಳೂರು